ಕಪ್ಪು ಟೈ ಮತ್ತು ಜರಿಪಂಚೆ

ಸಂಜೆಯ ಔತಣದ ಆಮಂತ್ರಣಪತ್ರಿಕೆಯಲ್ಲಿ, ಸ್ಥಳ ಮತ್ತು ವೇಳೆಗಳ ವಿವರ ಮುಗಿದ ಮೇಲೆ, ಕೆಳಗಿನ ಮೂಲೆಯಲ್ಲಿ ಸಣ್ಣ ಅಕ್ಷರಗಳಿಂದ ‘ಬ್ಲ್ಯಾಕ್ ಟೈ’ ಎಂದು ಅಚ್ಚಾಗಿರುವ ಸೂಚನೆಯು ಒಂದು ತಲೆಮಾರಿನ ಹಿಂದೆ ಸೈನ್ಯದ ಮೆಸ್ಸುಗಳ, ರಾಯಭಾರ ಕಚೇರಿಗಳ ಮತ್ತು ದಂಡಿನ ಪ್ರದೇಶದ ಹಳೆಯ ಕ್ಲಬ್ಬುಗಳ ಸಹವಾಸವಿದ್ದ ಕೆಲವೇ ಕನ್ನಡಿಗರಿಗೆ ಪರಿಚಿತವಾಗಿತ್ತು. ಈಗ ಅದರ ವ್ಯಾಪ್ತಿ ಬೆಳೆದಿದೆ. ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಕಂಪನಿಗಳು ನಡೆಸುವ ಪ್ರಶಸ್ತಿಪ್ರದಾನಗಳಿಗೂ, ನ್ಯೂಜೆರ್ಸಿಯಲ್ಲಿಯೋ ಲಂಡನ್ನಿನಲ್ಲಿಯೋ ನೆಲೆಸಿರುವ ನಮ್ಮ ವೈದ್ಯರೂ ಎಂಜಿನಿಯರುಗಳೂ ಹೋಗಬೇಕಾಗಿ ಬರುವ ಆಸ್ಪತ್ರೆ, ವಿದ್ಯಾಸಂಸ್ಥೆಗಳ ಸಹಾಯಾರ್ಥ ಭೋಜನಗಳಿಗೂ ಆ ಎರಡು ಪದಗಳು ಬಂದು ಸೇರಿಕೊಂಡಿವೆ. ಅವನ್ನು ಓದಿದ ಮನೆಯಲ್ಲಿ, ಏನನ್ನು ತೊಡಬೇಕು, ಇದ್ದುದೇ ಸಾಲದೆ, ಹೊಸದನ್ನು ಹೊಲಿಸಬೇಕೆ, ಪಂಚೆಯುಟ್ಟು ಹೋದರೆ ಬಾಗಿಲಲ್ಲಿ ತಡೆದಾರೆ ಎಂಬ ಪ್ರಶ್ನೆಗಳು ಏಳುತ್ತವೆ. ಈ ಪ್ರಶ್ನೆಗಳು ಅಲ್ಪವಾದುವೆಂದು ನನಗೆ ತೋರುವುದಿಲ್ಲ.

ಮದುವೆಮನೆಗೆ ಮಾಸಿದ ಬಟ್ಟೆಯಲ್ಲಿ ಹೋಗಬಾರದು, ಸಾವಿನ ಮನೆಗೆ ಜರತಾರಿ ಉಟ್ಟು ಹೋಗಬಾರದು ಎಂಬ ವಿವೇಕವನ್ನು ನಮ್ಮ ತಾಯಂದಿರು ಯಾವ ಗ್ರಂಥದ ನೆರವೂ ಇಲ್ಲದೆ ಮಕ್ಕಳಿಗೆ ಕಲಿಸುತ್ತ ಬಂದಿದ್ದಾರೆ. ಔಚಿತ್ಯವೇ ಕಾವ್ಯದ ಜೀವವೆಂದು 11ನೆಯ ಶತಮಾನದಲ್ಲಿ ಪ್ರತಿಪಾದಿಸಿದ ಕಾಶ್ಮೀರದ ಕ್ಷೇಮೇಂದ್ರನು ತನ್ನ ತತ್ತ್ವವನ್ನು ವಿವರಿಸಲು ಒಡವೆಗಳ ದೃಷ್ಟಾಂತವನ್ನೇ ಆಯ್ದುಕೊಂಡದ್ದು ಆಕಸ್ಮಿಕವಲ್ಲ. ಭೂಷಣಕ್ಕೆ ಶೋಭೆಯುಂಟಾಗುವುದು ಅದರ ಬೆಲೆಯಿಂದಲ್ಲ, ಅದು ತಕ್ಕ ಸ್ಥಾನದಲ್ಲಿರುವುದರಿಂದ ಎಂಬುದನ್ನು ಕಾವ್ಯವನ್ನರಿಯದವನೂ ಬಲ್ಲನು. ಔತಣಕ್ಕೆ ಕರೆದವನು ತನ್ನ ಸಭೆಗೆ ಒಂದು ಗಾಂಭೀರ್ಯವನ್ನು ಬಯಸಿದ್ದಾನೆ. ಬರುವವನು ಆ ಗಾಂಭೀರ್ಯಕ್ಕೆ ತನ್ನ ಉಡುಪಿನಿಂದ ಉತ್ತರ ಕೊಡುತ್ತಾನೆ. ಆ ಉತ್ತರ ಯಾವ ಭಾಷೆಯಲ್ಲಿಯಾದರೂ ಇರಲಿ, ಪೂರ್ಣವಾಗಿರಬೇಕು ಎಂಬುದಷ್ಟೇ ನನ್ನ ಅಭಿಪ್ರಾಯ.

‘ಬ್ಲ್ಯಾಕ್ ಟೈ’ ಎಂಬ ಈ ಉಡುಪಿನ ಪೂರ್ವೋತ್ತರವನ್ನು ಸ್ವಲ್ಪ ತಿಳಿದುಕೊಂಡರೆ ಅದರ ಬಗ್ಗೆ ನಮ್ಮಲ್ಲಿರುವ ಅತಿಭಯವೂ ಅತಿಮೋಹವೂ ಎರಡೂ ಕಡಿಮೆಯಾಗುತ್ತವೆ. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಕುಲೀನರ ರಾತ್ರಿಯೂಟಕ್ಕೆ ಹಿಂದುಗಡೆ ಎರಡು ಸೀಳಾಗಿ ಇಳಿಬಿದ್ದ ಕರಿಯ ಟೇಲ್‌ಕೋಟು, ಗಂಜಿ ಹಾಕಿದ ಬಿಳಿಯ ಅಂಗಿ, ಬಿಳಿಯ ಬೋ ಟೈ ಇವು ಕಡ್ಡಾಯವಾಗಿದ್ದುವು. ಮುಂದೆ ಏಳನೆಯ ಎಡ್ವರ್ಡ್ ಎಂಬ ಹೆಸರಿನಿಂದ ಪಟ್ಟವೇರಿದ ವೇಲ್ಸ್ ರಾಜಕುಮಾರನು 1865ರಲ್ಲಿ, ಸ್ಯಾಂಡ್ರಿಂಗಮ್ಮಿನ ತನ್ನ ಹಳ್ಳಿಮನೆಯಲ್ಲಿ ಆಪ್ತರೊಡನೆ ಊಟಕ್ಕೆ ಕುಳಿತುಕೊಳ್ಳುವಾಗ ಇಷ್ಟೊಂದು ಬಿಗುವೇಕೆಂದು, ಲಂಡನ್ನಿನ ಸ್ಯಾವಿಲ್ ರೋ ಬೀದಿಯ ಹೆನ್ರಿ ಪೂಲ್ ಎಂಬ ದರ್ಜಿಗಳ ಅಂಗಡಿಯಲ್ಲಿ ಬಾಲವಿಲ್ಲದ ಗಿಡ್ಡ ಕೋಟೊಂದನ್ನು ಹೊಲಿಸಿಕೊಂಡನು. ಎರಡು ದಶಕಗಳ ಅನಂತರ ಅದೇ ಬಗೆಯ ಕೋಟು ಅಟ್ಲಾಂಟಿಕ್ ಸಾಗರವನ್ನು ದಾಟಿ, ನ್ಯೂಯಾರ್ಕಿನ ಶ್ರೀಮಂತರು 1886ರಲ್ಲಿ ಸ್ಥಾಪಿಸಿದ ಟಕ್ಸೀಡೊ ಪಾರ್ಕ್ ಎಂಬ ವಸತಿಯ ಕ್ಲಬ್ಬಿನಲ್ಲಿ ಪ್ರಚಾರಕ್ಕೆ ಬಂದು, ಅಮೆರಿಕನ್ನರ ಬಾಯಲ್ಲಿ ಆ ಊರಿನ ಹೆಸರನ್ನೇ ಪಡೆಯಿತು. ಇಂದು ಔಪಚಾರಿಕತೆಯ ಶಿಖರವೆಂದು ನಾವು ಭಾವಿಸುವ ಉಡುಪು ಹುಟ್ಟಿದ್ದು ಸಡಿಲಿಕೆಯಾಗಿ, ಸೌಕರ್ಯಕ್ಕಾಗಿ. ಟೇಲ್‌ಕೋಟೂ ಬಿಳಿಯ ಟೈಯೂ ಅದಕ್ಕಿಂತ ಮೇಲಿನ ಮೆಟ್ಟಿಲಾಗಿ ಇಂದಿಗೂ ಉಳಿದಿವೆ. ಸ್ಟಾಕ್‌ಹೋಮಿನಲ್ಲಿ ಪ್ರತಿವರ್ಷ ಡಿಸೆಂಬರ್ 10ರಂದು ನೊಬೆಲ್ ಪಾರಿತೋಷಕವನ್ನು ಸ್ವೀಕರಿಸುವ ಗಂಡಸರಿಗೆ ವಿಧಿಸಿರುವುದು ಅದನ್ನೇ.

ಭಾರತಕ್ಕೂ ಈ ಉಡುಪಿಗೂ ಇರುವ ಸಂಬಂಧ ಕೇವಲ ಅನುಕರಣದ್ದಲ್ಲ. ಕೋಟಿನ ಒಳಗೆ ವೇಸ್ಟ್‌ಕೋಟಿಗೆ ಬದಲಾಗಿ ಸೊಂಟಕ್ಕೆ ಸುತ್ತುವ ಅಗಲವಾದ ರೇಷ್ಮೆಯ ಕಮರ್‌ಬಂದನ್ನು ಬ್ರಿಟಿಷ್ ಅಧಿಕಾರಿಗಳು ಕಲಿತದ್ದು ನಮ್ಮ ದೇಶದಲ್ಲಿ. ಇಲ್ಲಿಯ ಸೆಕೆಯಲ್ಲಿ ಉಣ್ಣೆಯ ವೇಸ್ಟ್‌ಕೋಟನ್ನು ತಾಳಲಾರದೆ ಅವರು ಸ್ಥಳೀಯರ ನಡುಕಟ್ಟನ್ನು ತಮ್ಮದಾಗಿಸಿಕೊಂಡರು. ಕೆಂಪು ಸಮುದ್ರವನ್ನು ದಾಟುವ ಹಡಗುಗಳಲ್ಲಿ ಕೋಟನ್ನೇ ಕಳಚಿಟ್ಟು, ಬಿಳಿಯ ಅಂಗಿ ಮತ್ತು ಕಮರ್‌ಬಂದ್‌ಗಳಲ್ಲಿ ಊಟಕ್ಕೆ ಕೂರುವ ಪದ್ಧತಿಯೂ ಬೆಳೆಯಿತು. ಹವೆಗೆ ತಕ್ಕಂತೆ ನಿಯಮವನ್ನು ಬಾಗಿಸಿದ ಆ ಜನರೇ ನಿಯಮವನ್ನು ಮಾಡಿದವರೂ ಆಗಿದ್ದರು ಎಂಬುದನ್ನು, ಮಂಗಳೂರಿನ ಮೇ ತಿಂಗಳ ರಾತ್ರಿಯಲ್ಲಿ ಉಣ್ಣೆಯ ಕೋಟಿನೊಳಗೆ ಬೆವರುತ್ತಿರುವ ನಮ್ಮ ಯುವಕರು ಜ್ಞಾಪಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಪಾಶ್ಚಾತ್ಯ ಉಡುಪನ್ನೇ ತೊಡುವುದಾದರೆ ಅದರ ವಿಧಿಯೇನು? ಕರಿಯ ಅಥವಾ ಕಡುನೀಲಿಯ ಉಣ್ಣೆಯ ಕೋಟು, ಅದರ ಕಾಲರಿನ ಮಡಿಕೆಗಳ ಮೇಲೆ ರೇಷ್ಮೆಯ ಹೊದಿಕೆ. ಅದೇ ಬಟ್ಟೆಯ ಷರಾಯಿ, ಅದರ ಹೊರಬದಿಯ ಹೊಲಿಗೆಯುದ್ದಕ್ಕೂ ಒಂದು ರೇಷ್ಮೆಯ ಪಟ್ಟಿ, ಪಾದದ ಬಳಿ ಮೇಲ್ಮಡಿಕೆಯಾಗಲಿ ನಡುವಿನಲ್ಲಿ ಬೆಲ್ಟಾಗಲಿ ಇಲ್ಲ. ಎದೆಯ ಭಾಗದಲ್ಲಿ ನೆರಿಗೆಯಿಟ್ಟ ಬಿಳಿಯ ಅಂಗಿ, ಅದಕ್ಕೆ ಹೊಲಿದ ಗುಂಡಿಗಳ ಬದಲು ಬಿಡಿಗುಂಡಿಗಳು. ಕರಿಯ ರೇಷ್ಮೆಯ ಬೋ ಟೈ. ನೆರಿಗೆ ಮೇಲ್ಮುಖವಾಗಿರುವ ಕಮರ್‌ಬಂದ್ ಅಥವಾ ತಗ್ಗಿನ ವೇಸ್ಟ್‌ಕೋಟು. ಹೊಳೆಯುವ ಕರಿಯ ಬೂಟು. ಸಂಜೆ ಆರಕ್ಕೆ ಮುಂಚೆ ಇದನ್ನು ತೊಡುವ ಪದ್ಧತಿಯಿಲ್ಲ. ಕಡುನೀಲಿಯನ್ನು ಪ್ರಚಾರಕ್ಕೆ ತಂದವನು, ಮುಂದೆ ಸಿಂಹಾಸನವನ್ನು ತ್ಯಜಿಸಿ ವಿಂಡ್ಸರಿನ ಡ್ಯೂಕನೆನಿಸಿದ ಎಂಟನೆಯ ಎಡ್ವರ್ಡನು. ಕೃತಕ ಬೆಳಕಿನಲ್ಲಿ ಅಚ್ಚಕಪ್ಪು ಕೆಲವೊಮ್ಮೆ ಹಸಿರಿಗೆ ತಿರುಗಿದಂತೆ ಕಾಣುವುದರಿಂದ, ಕಡುನೀಲಿಯು ಕಪ್ಪಿಗಿಂತ ಕಪ್ಪಾಗಿ ತೋರುವುದೆಂಬ ಸೂಕ್ಷ್ಮವನ್ನು ಅವನ ಕಾಲದ ದರ್ಜಿಗಳು ಕಂಡುಕೊಂಡಿದ್ದರು. ಬೋ ಟೈಯನ್ನು ಕೊಕ್ಕೆಯಿಂದ ಸಿಕ್ಕಿಸಿಕೊಳ್ಳುವುದಕ್ಕಿಂತ ಸ್ವಹಸ್ತದಿಂದ ಕಟ್ಟಿಕೊಳ್ಳುವುದು ಶ್ರೇಷ್ಠವೆಂಬ ನಂಬಿಕೆ ಆ ಸಮಾಜದಲ್ಲಿ ಬಲವಾಗಿದೆ. ಕೈಯಿಂದ ಕಟ್ಟಿದ ಗಂಟು ತುಸು ಓರೆಯಾದರೂ ಅದರಲ್ಲಿ ಕಟ್ಟಿದವನ ಶ್ರದ್ಧೆ ಕಾಣುತ್ತದೆ. ಕಚ್ಚೆ ಹಾಕಿ ಪಂಚೆಯುಡುವ ವಿದ್ಯೆಯನ್ನು ಬಲ್ಲ ನಮ್ಮ ಹಿರಿಯರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾದುದಿಲ್ಲ.

ಇಷ್ಟು ಕಟ್ಟುನಿಟ್ಟೇಕೆಂದು ಕೇಳಬಹುದು. ಅದಕ್ಕೆ ಇರುವ ಸಮಾಧಾನವನ್ನು ನಾನು ಗೌರವಿಸುತ್ತೇನೆ. ಸಭೆಯ ಗಂಡಸರೆಲ್ಲರೂ ಒಂದೇ ಬಗೆಯ ಕಪ್ಪುಬಿಳುಪಿನಲ್ಲಿ ನಿಂತಾಗ, ಯಾರ ಬೊಕ್ಕಸ ಎಷ್ಟು ಭಾರವೆಂಬುದು ದೂರದಿಂದ ತಿಳಿಯುವುದಿಲ್ಲ. ಸಂಸ್ಥೆಯ ಅಧ್ಯಕ್ಷನೂ ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ತರುಣನೂ ಒಂದೇ ವೇಷದಲ್ಲಿದ್ದಾರೆ. ವರ್ಣಗಳ ಸ್ಪರ್ಧೆಯಾಗಲಿ ವೈಭವದ ಪ್ರದರ್ಶನವಾಗಲಿ ಅಲ್ಲಿ ನಡೆಯಲಾರದು. ಶ್ರೀಮಂತರ ಸಮಾಜದಲ್ಲಿ ಹುಟ್ಟಿದ ಉಡುಪೊಂದು ಶ್ರೀಮಂತಿಕೆಯನ್ನು ಮರೆಸುವ ಗುಣವನ್ನು ಪಡೆದುಕೊಂಡದ್ದು ಅದರ ದೊಡ್ಡ ಪುಣ್ಯ. ಆದಕಾರಣ ಅದನ್ನು ತೊಡುವುದಾದರೆ ಅದರ ಮಿತಿಯನ್ನು ಮೀರಬಾರದು. ಹರಳು ಕೂರಿಸಿದ ಕಾಲರು, ಕೆಂಪು ಮಕಮಲ್ಲಿನ ಕೋಟು, ಚಿನ್ನದ ಬಣ್ಣದ ಬೋ ಟೈ ಇವು ಸಿನಿಮಾ ಪ್ರಶಸ್ತಿಗಳ ಮೆರವಣಿಗೆಯಲ್ಲಿ ನಡೆದಾವು; ಸಭ್ಯರ ಭೋಜನದಲ್ಲಿ ಅವು ಆ ಸಮತೆಯನ್ನೇ ಕೆಡಿಸುತ್ತವೆ. ಹೊಸದನ್ನು ಹೊಲಿಸುವ ಶಕ್ತಿಯಿಲ್ಲದವನು ಬಾಡಿಗೆಗೆ ತರುವುದರಲ್ಲಿ ಅವಮಾನವೇನೂ ಇಲ್ಲ. ಅಮೆರಿಕದಲ್ಲಿ ಮದುವಣಿಗರೂ ವಿದ್ಯಾರ್ಥಿಗಳೂ ಬಾಡಿಗೆಯ ಟಕ್ಸೀಡೊವನ್ನೇ ತೊಡುತ್ತಾರೆ. ಭುಜದ ಹೊಲಿಗೆ ಭುಜದ ಮೇಲೆ ಕೂರಬೇಕು, ತೋಳಿನ ಅಂಚಿನಿಂದ ಬಿಳಿಯ ಅಂಗಿ ಕಿರುಬೆರಳಿನ ಅಗಲದಷ್ಟು ಕಾಣಬೇಕು. ಬಟ್ಟೆಯ ಬೆಲೆ ಅದರ ಮುಂದಿನ ಮಾತು.

ನಮ್ಮಲ್ಲಿ ಸಾಮಾನ್ಯವಾಗಿ ಆಗುತ್ತಿರುವುದು ಇದಾವುದೂ ಅಲ್ಲ. ಕಚೇರಿಗೆ ತೊಡುವ ಬೂದುಬಣ್ಣದ ಸೂಟಿಗೆ ಕರಿಯ ಬೋ ಸಿಕ್ಕಿಸಿಕೊಂಡು ಹೋಗುವವರುಂಟು; ಮದುವೆಯ ಆರತಕ್ಷತೆಗೆಂದು ಕೊಂಡ, ಎದೆಯ ಮೇಲೆಲ್ಲ ಮಿಂಚುವ ಕಸೂತಿಯ ಶೇರ್ವಾನಿಯನ್ನು, ಅದು ಕನ್ನಡ ನಾಡಿನದೂ ಅಲ್ಲ, ಆ ಸಂಜೆಯದೂ ಅಲ್ಲ ಎಂಬುದನ್ನು ವಿಚಾರಿಸದೆ, ‘ಇಂಡಿಯನ್’ ಎಂಬ ಒಂದೇ ಸಮರ್ಥನೆಯಿಂದ ಏರಿಸಿಕೊಂಡು ಹೋಗುವವರುಂಟು. ಇಬ್ಬರೂ ಅರ್ಧ ಉತ್ತರವನ್ನು ಕೊಟ್ಟವರು. ಮೊದಲನೆಯವನಿಗೆ ಪರರ ಪದ್ಧತಿಯನ್ನು ಪೂರ್ತಿಯಾಗಿ ಅರಿಯುವ ತಾಳ್ಮೆಯಿಲ್ಲ; ಎರಡನೆಯವನಿಗೆ ತನ್ನ ಪದ್ಧತಿಯನ್ನು ನೆನಪಿಸಿಕೊಳ್ಳುವ ತಾಳ್ಮೆಯಿಲ್ಲ.

ಹೆಂಗಸರ ವಿಷಯದಲ್ಲಿ ನಾನು ಬೇಗ ಮುಗಿಸಬಹುದಾಗಿತ್ತು, ಏಕೆಂದರೆ ಅವರಿಗೆ ಈ ಸಂಕಟವೇ ಇಲ್ಲ. ನೆಲ ಮುಟ್ಟುವ ನಿಲುವಂಗಿಯನ್ನು ಬಯಸುವ ಸಭೆಗೆ ಸೀರೆ ತಾನಾಗಿಯೇ ಒಪ್ಪುತ್ತದೆ, ಜಗತ್ತಿನ ಯಾವ ಬಾಗಿಲಲ್ಲಿಯೂ ಅದಕ್ಕೆ ಸಮಜಾಯಿಷಿ ಕೊಡಬೇಕಾದುದಿಲ್ಲ. ಆದರೆ ಯಾವ ಸೀರೆ ಎಂಬಲ್ಲಿ ಒಂದು ಮಾತನ್ನು ಹೇಳದೆ ಇರಲಾರೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ಆರಂಭವಾದ ರೇಷ್ಮೆ ನೇಯ್ಗೆಯ ಕಾರ್ಖಾನೆ ಇಂದಿಗೂ ಸರ್ಕಾರದ ಒಡೆತನದಲ್ಲಿ ನಡೆಯುತ್ತಿದೆ; ಅಲ್ಲಿ ತಯಾರಾಗುವ ಕ್ರೇಪ್ ಸೀರೆಯ ಒಡಲಿನಲ್ಲಿ ಹೂವಿಲ್ಲ, ಬಳ್ಳಿಯಿಲ್ಲ, ಏಕವರ್ಣದ ರೇಷ್ಮೆ ಮತ್ತು ಅದರ ಅಂಚಿನಲ್ಲಿ ಜರಿ ಇಷ್ಟೇ. ದೀಪದ ಬೆಳಕಿನಲ್ಲಿ ಕಡುಹಸಿರೋ ನೇರಳೆಯೋ ಆದ ಮೈಸೂರು ರೇಷ್ಮೆ ಮೈಯ ಚಲನೆಯೊಡನೆ ಹರಿಯುವಾಗ, ಕಪ್ಪುಬಿಳುಪಿನ ಆ ಸಭೆ ಯಾವ ಸಂಯಮವನ್ನು ಬಯಸುತ್ತದೆಯೋ ಅದೇ ಸಂಯಮ ಅದರಲ್ಲಿ ಮೂರ್ತಿವೆತ್ತು ಕಾಣುತ್ತದೆ. ಇಳಕಲ್ಲಿನ ಸೀರೆಯ ಗುಣ ಬೇರೆ: ಅದರ ಒಡಲಿಗೂ ಸೆರಗಿಗೂ ಬೇರೆ ಬೇರೆ ಹಾಸುಗಳನ್ನು ಹೂಡಿ, ಎರಡರ ಎಳೆಗಳನ್ನು ಕೊಂಡಿಗಳಾಗಿ ಒಂದರೊಳಗೊಂದು ಸಿಕ್ಕಿಸಿ ಜೋಡಿಸಿ ನೇಯುವ ಕೌಶಲ ಆ ಊರಿನ ನೇಕಾರರ ವಿಶೇಷ, ಕೆಂಪು ಸೆರಗಿನ ಮೇಲಿನ ಬಿಳಿಯ ತೆನೆಗಳಿಂದ ಅದು ದೂರದಿಂದಲೇ ಗುರುತು ಸಿಗುತ್ತದೆ. ಅದಕ್ಕೆ ಗುಳೇದಗುಡ್ಡದ ಖಣದ ಕುಪ್ಪಸವನ್ನು ತೊಟ್ಟು ಲಂಡನ್ನಿನ ಔತಣಕ್ಕೆ ಹೋಗುವ ಹೆಣ್ಣುಮಗಳು ಅಲ್ಲಿ ಯಾರಿಗಿಂತಲೂ ಕಡಿಮೆಯಾಗಿ ಕಾಣಳು. ಇವನ್ನು ಪೆಟ್ಟಿಗೆಯಲ್ಲಿಟ್ಟು, ಹರಳಿನ ಭಾರದಿಂದ ಜೋತುಬಿದ್ದ ನೆಟ್ ಬಟ್ಟೆಯ ಸೀರೆಗೆ ಹಣ ಸುರಿಯುವುದು ನನಗೆ ನೋವಿನ ಸಂಗತಿ.

ಇನ್ನು ಗಂಡಸು. ಅವನಿಗೂ ಈ ನಾಡು ಒಂದು ಗಂಭೀರವಾದ ಉಡುಪನ್ನು ಕೊಟ್ಟಿತ್ತು. ಮೈಸೂರು ಅರಮನೆಯ ದಸರೆಯ ದರ್ಬಾರಿಗೆ ಹೋಗುತ್ತಿದ್ದವರು ಕತ್ತಿನವರೆಗೆ ಗುಂಡಿಯಿದ್ದ ಕರಿಯ ಉದ್ದ ಕೋಟು, ಬಿಳಿಯ ಷರಾಯಿ, ತಲೆಗೆ ಜರಿಯ ಪೇಟ, ಮೇಲೊಂದು ವಲ್ಲಿ ಇವನ್ನು ಧರಿಸುತ್ತಿದ್ದರು; ಕಪ್ಪುಬಿಳುಪಿನ ಮೇಲೆ ಜರಿಯ ಒಂದೇ ಗೆರೆ. ಕೊಡಗಿನವರ ಕುಪ್ಯವನ್ನು ನೋಡಿ: ಮೊಣಕಾಲಿನ ಕೆಳಗಿಳಿಯುವ, ಗಿಡ್ಡ ತೋಳಿನ ಕರಿಯ ನಿಲುವಂಗಿ, ಒಳಗಿನಿಂದ ಕಾಣುವ ಬಿಳಿಯ ಅಂಗಿಯ ತೋಳು, ನಡುವಿಗೆ ಬಿಗಿದ ಕೆಂಪು ರೇಷ್ಮೆಯ ಚೇಲೆ, ಅದರಲ್ಲಿ ಸಿಕ್ಕಿಸಿದ ಬೆಳ್ಳಿಯ ಪೀಚೆಕತ್ತಿ. ಕತ್ತಿಯನ್ನು ಇಂದಿನ ಕಾವಲುಗಾರರು ಒಳಗೆ ಬಿಡಲಾರರಾದರೂ, ಉಳಿದುದರಲ್ಲಿ ಕರಿಯ ಮೇಲುಡುಪು, ಬಿಳಿಯ ಅಂಗಿ, ರೇಷ್ಮೆಯ ನಡುಕಟ್ಟು ಎಲ್ಲವೂ ಇವೆ. ಸ್ಯಾವಿಲ್ ರೋ ಬೀದಿಯ ದರ್ಜಿಯನ್ನು ಕೇಳದೆಯೇ ಕೊಡವರು ಆ ಸೌಂದರ್ಯವನ್ನು ಸಾಧಿಸಿದ್ದರು. ಕೊಡವ ಮಿತ್ರರು ಮದುವೆಗೆ, ಹಬ್ಬಕ್ಕೆ ಮಾತ್ರ ಕುಪ್ಯವನ್ನು ಹೊರತೆಗೆದು, ಇಂತಹ ಔತಣಗಳಿಗೆ ಬಾಡಿಗೆಯ ಕೋಟನ್ನು ಹುಡುಕುವುದು ಅನಾವಶ್ಯಕವೆಂದು ನನ್ನ ವಿನಯಪೂರ್ವಕವಾದ ಸೂಚನೆ.

ಪಂಚೆಯ ಮಾತಿಗೆ ಬಂದರೆ, 2019ರ ಡಿಸೆಂಬರ್ 10ರ ಸಂಜೆ ಸ್ಟಾಕ್‌ಹೋಮಿನ ಸಭಾಭವನದಲ್ಲಿ ನಡೆದುದನ್ನು ಸ್ಮರಿಸಬೇಕು. ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಲು ಅಭಿಜಿತ್ ಬ್ಯಾನರ್ಜಿಯವರು ಅಂಚಿನ ಪಂಚೆಯನ್ನುಟ್ಟು, ಮೇಲೆ ಕತ್ತು ಮುಚ್ಚುವ ಕರಿಯ ಕೋಟನ್ನು ತೊಟ್ಟು ಬಂದರು. ಅವರ ಪತ್ನಿಯೂ ಸಹಪುರಸ್ಕೃತರೂ ಆದ, ಫ್ರಾನ್ಸಿನಲ್ಲಿ ಹುಟ್ಟಿದ ಎಸ್ತರ್ ಡುಫ್ಲೊ ಅವರು ಸೀರೆಯುಟ್ಟು, ಹಣೆಗೆ ಬೊಟ್ಟಿಟ್ಟಿದ್ದರು. ಟೇಲ್‌ಕೋಟುಗಳ ಆ ಪಂಕ್ತಿಯ ನಡುವೆ ಅವರು ಅಪರಿಚಿತರಂತೆ ಕಾಣಲಿಲ್ಲ, ಏಕೆಂದರೆ ಅವರ ಉಡುಪಿನಲ್ಲಿ ಅರೆಮನಸ್ಸಿರಲಿಲ್ಲ. ಆ ಸಮಾರಂಭದ ವಿಧಿಯೇ ಟೇಲ್‌ಕೋಟಿಗೆ ಪರ್ಯಾಯವಾಗಿ ಸ್ವದೇಶದ ಉಡುಪನ್ನು ಮಾನ್ಯಮಾಡಿದೆ. ಅದಕ್ಕೂ ಮೊದಲು 1930ರಲ್ಲಿ ನೊಬೆಲ್ ಪಾರಿತೋಷಕಕ್ಕಾಗಿ ಅದೇ ನಗರಕ್ಕೆ ಹೋಗಿದ್ದ, ಮುಂದೆ ಬೆಂಗಳೂರಿನವರೇ ಆಗಿಹೋದ ಸರ್ ಸಿ.ವಿ. ರಾಮನ್ನರು ಪಾಶ್ಚಾತ್ಯ ಉಡುಪಿನಲ್ಲಿದ್ದರೂ ತಲೆಯ ರುಮಾಲನ್ನು ಬಿಟ್ಟುಕೊಟ್ಟಿರಲಿಲ್ಲ. ಇದು ಮಿಶ್ರಣವಲ್ಲವೆ, ಅರ್ಧ ಉತ್ತರವಲ್ಲವೆ ಎಂದು ಯಾರಾದರೂ ಆಕ್ಷೇಪಿಸಬಹುದು. ಅಲ್ಲವೆಂದೇ ನನ್ನ ಮತ. ಸೂಟಿನ ಮೇಲೆ ಪೇಟ ಧರಿಸಿದ ಸರ್ ಎಂ. ವಿಶ್ವೇಶ್ವರಯ್ಯನವರ ಚಿತ್ರವನ್ನು ಕಂಡ ಯಾವ ಕನ್ನಡಿಗನಿಗೂ ಅದರಲ್ಲಿ ಬಿರುಕು ಕಾಣಿಸಿಲ್ಲ. ಒಂದು ಇಡೀ ಸಮಾಜ ದೀರ್ಘಕಾಲ ಬಳಸಿ, ತಿದ್ದಿ, ಒಪ್ಪಿಕೊಂಡ ಮಿಶ್ರಣವು ಸ್ವತಃ ಒಂದು ಪದ್ಧತಿಯಾಗುತ್ತದೆ. ಔತಣದ ದಿನ ಮಧ್ಯಾಹ್ನ ಅಂಗಡಿಯಲ್ಲಿ ಕೈಗೆ ಸಿಕ್ಕಿದುದನ್ನು ಜೋಡಿಸಿಕೊಂಡ ಮಿಶ್ರಣಕ್ಕೆ ಆ ಹಕ್ಕಿಲ್ಲ.

ಉಡುಪಿನ ಗೌರವ ಹಣದಿಂದ ಬರುವುದೆಂದು ತಿಳಿದವರು 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದ ದರ್ಬಾರ್ ಹಾಲಿನಲ್ಲಿ ನಡೆದ ಪದ್ಮ ಪ್ರಶಸ್ತಿ ಪ್ರದಾನವನ್ನು ನೆನೆಯಬೇಕು. ಅಂಕೋಲೆಯ ಕಡೆಯ ಹಾಲಕ್ಕಿ ಒಕ್ಕಲಿಗರ ತುಳಸಿ ಗೌಡರು, ಕಾಡಿನ ಸಸಿಗಳನ್ನು ಬೆಳೆಸುವುದರಲ್ಲಿ ಆಯುಷ್ಯವನ್ನು ಸವೆಸಿದ ಆ ತಾಯಿ, ತಮ್ಮ ಜನರು ಉಡುವ ಕ್ರಮದಲ್ಲೇ ಸೀರೆಯುಟ್ಟು, ಕೊರಳಿಗೆ ಮಣಿಸರಗಳನ್ನು ಧರಿಸಿ, ಬರಿಗಾಲಿನಲ್ಲಿ ನಡೆದುಬಂದರು. ಕಿತ್ತಳೆ ಮಾರಿ ಊರಿಗೆ ಶಾಲೆಯನ್ನು ಕಟ್ಟಿಸಿದ ಹರೇಕಳ ಹಾಜಬ್ಬನವರು ಬಿಳಿಯ ಅಂಗಿ, ಬಿಳಿಯ ಪಂಚೆಗಳಲ್ಲಿ, ಅವರೂ ಬರಿಗಾಲಿನಲ್ಲಿಯೇ ಬಂದರು. ಆ ಸಭೆಯಲ್ಲಿ ಅವರಿಗಿಂತ ಉಚಿತವಾಗಿ ಉಡುಪು ಧರಿಸಿದವರು ಯಾರಿದ್ದರು? ಅದು ಅವರಿಗೆ ಸಂಪೂರ್ಣವಾಗಿ ಸೇರಿದ ಉಡುಪಾಗಿತ್ತು, ಶುಭ್ರವಾಗಿತ್ತು, ಸಂದರ್ಭದ ಘನತೆಯನ್ನು ಅರಿತು ತೊಟ್ಟುದಾಗಿತ್ತು.

ಇಷ್ಟಾದರೂ ಪಂಚೆಯುಟ್ಟವನಿಗೆ ಸ್ವದೇಶದಲ್ಲಿಯೇ ಬಾಗಿಲು ಮುಚ್ಚಿದ ಉದಾಹರಣೆಗಳುಂಟು. 2014ರ ಜುಲೈಯಲ್ಲಿ ಮದರಾಸಿನ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಯೊಬ್ಬರನ್ನು ಪಂಚೆಯುಟ್ಟಿದ್ದರೆಂಬ ಕಾರಣದಿಂದ ಅಲ್ಲಿಯ ಕ್ಲಬ್ಬೊಂದು ಒಳಗೆ ಬಿಡದೆ ಹೋದಾಗ, ತಮಿಳುನಾಡಿನ ಶಾಸನಸಭೆಯು ಮರುತಿಂಗಳೇ ಅಂತಹ ನಿರ್ಬಂಧಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. 2024ರ ಜುಲೈಯಲ್ಲಿ ಬೆಂಗಳೂರಿನ ಮಾಲ್ ಒಂದರ ಬಾಗಿಲಲ್ಲಿ, ಮಗನೊಡನೆ ಸಿನಿಮಾ ನೋಡಲು ಬಂದಿದ್ದ ವೃದ್ಧ ರೈತರೊಬ್ಬರನ್ನು ಪಂಚೆಯ ಕಾರಣಕ್ಕೆ ತಡೆದದ್ದೂ, ಅದರಿಂದ ನಾಡಿನಾದ್ಯಂತ ರೋಷವೆದ್ದು, ಏಳು ದಿನ ಆ ಮಾಲನ್ನು ಮುಚ್ಚಿಸುವುದಾಗಿ ಸರ್ಕಾರ ವಿಧಾನಸಭೆಯಲ್ಲಿ ಹೇಳಬೇಕಾಗಿ ಬಂದುದೂ ಓದುಗರಿಗೆ ನೆನಪಿರಬಹುದು. ಯೂರೋಪಿಯನ್ನರ ಕ್ಲಬ್ಬುಗಳಲ್ಲಿ ಭಾರತೀಯರಿಗೆ ಪ್ರವೇಶವಿಲ್ಲದಿದ್ದ ಕಾಲದಲ್ಲಿ, 1917ರಲ್ಲಿ, ವಿಶ್ವೇಶ್ವರಯ್ಯನವರು ಸೆಂಚುರಿ ಕ್ಲಬ್ಬನ್ನು ಸ್ಥಾಪಿಸಿದ ಇದೇ ಊರಿನಲ್ಲಿ ಇದು ನಡೆಯಿತೆಂಬುದು ಲಜ್ಜೆಯ ವಿಷಯ. ಸ್ವೀಡನ್ನಿನ ಅರಸನ ಸಮ್ಮುಖದಲ್ಲಿ ಸಲ್ಲುವ ಪಂಚೆ ಬೆಂಗಳೂರಿನ ಕಾವಲುಗಾರನ ಸಮ್ಮುಖದಲ್ಲಿ ಸಲ್ಲದೆಂಬ ಸ್ಥಿತಿಗೆ ಕಾವಲುಗಾರನನ್ನು ದೂಷಿಸಿ ಫಲವಿಲ್ಲ. ಅವನಿಗೆ ಹಾಗೆ ಆಜ್ಞೆ ಮಾಡಿದವರ ಮನಸ್ಸು ಬದಲಾಗಬೇಕು.

ಪಂಚೆಯುಟ್ಟು ಹೋಗುವವರಿಗೂ ಕರ್ತವ್ಯವುಂಟು. ಮನೆಯಲ್ಲಿ ಉಡುವ ಪಂಚೆಯನ್ನೇ ಉಟ್ಟು, ಇಸ್ತ್ರಿಯಿಲ್ಲದ ಅಂಗಿ ತೊಟ್ಟು, ಇದು ನಮ್ಮ ಸಂಸ್ಕೃತಿಯೆಂದು ಹೇಳಿಕೊಂಡರೆ ಆ ಸಂಸ್ಕೃತಿಗೆ ಮಾಡಿದ ಉಪಕಾರವಾಗದು. ಜರಿಯಂಚಿನ ರೇಷ್ಮೆಯ ಅಥವಾ ನಯವಾದ ನೂಲಿನ ಪಂಚೆ, ಕ್ರಮವಾಗಿ ಹಾಕಿದ ಕಚ್ಚೆ, ಕತ್ತಿನವರೆಗೆ ಗುಂಡಿಯಿರುವ ಕರಿಯ ಕ್ಲೋಸ್ ಕಾಲರ್ ಕೋಟು, ಮಡಿಸಿ ಹೆಗಲಿಗಿಟ್ಟ ಶಲ್ಯ, ಒರೆಸಿ ಮೆರುಗು ಕೊಟ್ಟ ಪಾದರಕ್ಷೆ ಇಷ್ಟನ್ನು ಸಿದ್ಧಪಡಿಸಿಕೊಳ್ಳಬೇಕು. ಬರಿಯ ಪೈಜಾಮದ ಹಾಗೆ ಕಾಲು ತೂರಿಸುವ ಹೊಲಿದ ಪಂಚೆಗಳು ಈಗ ಅಂಗಡಿಯಲ್ಲಿ ಸಿಗುತ್ತವೆ. ಅವುಗಳ ಗೋಜಿಗೆ ಹೋಗದೆ, ಮನೆಯಲ್ಲಿ ತಾತನೋ ಸೋದರಮಾವನೋ ಇದ್ದರೆ ಅವರೆದುರು ನಿಂತು ಉಡುವುದನ್ನು ಕಲಿಯುವುದು ಮೇಲು. ನಾಲ್ಕು ಸಂಜೆ ಅಭ್ಯಾಸ ಮಾಡಿದರೆ ಕೈಗೆ ಬರುವ ವಿದ್ಯೆ ಅದು.

ಕರ್ನಾಟಕದಲ್ಲಿ ಇಂತಹ ಔತಣಗಳನ್ನು ಏರ್ಪಡಿಸುವ ಸಂಸ್ಥೆಗಳವರಲ್ಲಿಯೂ, ಕಡಲಾಚೆಯ ಕನ್ನಡ ಕೂಟಗಳವರಲ್ಲಿಯೂ ನನ್ನ ವಿನಂತಿ ಒಂದೇ: ಆಮಂತ್ರಣಪತ್ರಿಕೆಯ ಮೂಲೆಯಲ್ಲಿ ಆ ಎರಡು ಪದಗಳನ್ನು ಅಚ್ಚು ಹಾಕಿಸುವಾಗ, ಅವುಗಳ ಪಕ್ಕದಲ್ಲಿ ‘ಅಥವಾ ನಮ್ಮ ನಾಡಿನ ಉಡುಪು’ ಎಂಬುದನ್ನೂ ಕನ್ನಡದಲ್ಲಿ ಅಚ್ಚು ಹಾಕಿಸಿ, ಬಾಗಿಲಲ್ಲಿ ನಿಲ್ಲುವವರಿಗೂ ಮುಂಚಿತವಾಗಿ ಅದನ್ನು ತಿಳಿಸಿಡಿ.